ಎರಡನೇ ಸಲ

ಕೊನೆಯ ಕೋಡುಬಳೆಯನ್ನು ಎಣ್ಣೆಯಿಂದ ತೆಗೆಯುತ್ತಿದ್ದಾಗ ಪಕ್ಕದ ಮನೆಯ ಡೋರೀನ್ ಬಂದರು. ವಿಶಾಲಾಕ್ಷಿ ಕತ್ತಿನ ಬಳಿ ಸಿಕ್ಕಿಸಿದ್ದ ಪರೀಕ್ಷೆಯ ಪಿನ್ನು ನೋಡಿಕೊಂಡಳು. ಅದರ ದೀಪ ಇನ್ನೂ ಹಸಿರು. ಇಂಗ್ಲಿಷ್ ಪರೀಕ್ಷೆಯ ಈ ಏಳು ದಿನ ಅವಳ ಮಾತಿನ ಜೊತೆ ನಡವಳಿಕೆಗೂ ಅಂಕ ಹಾಕುವುದು ಅದೇ. ಇನ್ನೊಂದು ತಪ್ಪಾದರೆ ಪ್ರಮಾಣಪತ್ರವಿಲ್ಲ. ಅದಿಲ್ಲದೆ ಈ ದೇಶದಲ್ಲಿ ಇರುವಂತಿಲ್ಲ.

ಡೋರೀನ್ ಎರಡು ತಿಂದರು.

"ಇನ್ನೊಂದು?" ಎಂದು ವಿಶಾಲಾಕ್ಷಿ ಇಂಗ್ಲಿಷಿನಲ್ಲಿ ಕೇಳಿದಳು.

"ಬೇಡ, ಥ್ಯಾಂಕ್ಯೂ."

ಒತ್ತಾಯ ಮಾಡಿದರೆ ಅಂಕ ಹೋಗುತ್ತದೆ. ಅವಳು ಡಬ್ಬಿ ಮುಚ್ಚಿದಳು.

"ಒಂದೇ ಸಲ ಕೇಳಿ ಬಿಟ್ಬಿಡೋದೇನೇ? ಬೆಕ್ಕನ್ನಾದ್ರೂ ಎರಡು ಸಲ ಕರೀತೀವಿ," ಎಂದು ಅತ್ತೆ ಒಳಗಿಂದ ಗೊಣಗಿದರು.

"ಇಲ್ಲಿ ಬೇಡ ಅಂದ್ರೆ ಬೇಡ ಅಂತ, ಅತ್ತೆ. ಸುಮ್ನಿರಿ."

ಆದರೆ ಡೋರೀನ್ ಏಳಲಿಲ್ಲ. ತಟ್ಟೆಯ ಪುಡಿಯನ್ನು ಬೆರಳ ತುದಿಗೆ ಅಂಟಿಸಿಕೊಂಡು ತಿನ್ನುತ್ತ ಚಳಿಯ ಬಗ್ಗೆ ಮಾತಾಡಿದರು. ಹೊರಡುವಾಗ ಅವರ ಕಣ್ಣು ಒಮ್ಮೆ ಡಬ್ಬಿಯ ಕಡೆ ಹೋಯಿತು. ಇವರನ್ನು ಯಾರೂ ಎರಡನೇ ಸಲ ಕೇಳಿಯೇ ಇಲ್ಲವೇನೋ. ಕೇಳಿದರೆ ಏನನ್ನುತ್ತಾರೆ?

ಪಿನ್ನು ಕಳಚಲು ಇನ್ನೆರಡು ದಿನ. ಕೋಡುಬಳೆ ಅಲ್ಲಿಯವರೆಗೆ ಗರಿಗರಿಯಾಗಿಯೇ ಇರುತ್ತದೆ. ವಿಶಾಲಾಕ್ಷಿ ಒಂಬತ್ತನ್ನು ಬೇರೆ ಡಬ್ಬಿಗೆ ಹಾಕಿ ಮೇಲಿನ ಕಪಾಟಿನಲ್ಲಿಟ್ಟಳು.

"ಯಾರಿಗೇ ಅದು?" ಎಂದರು ಅತ್ತೆ.

"ಇರ್ಲಿ ಬಿಡಿ," ಎಂದಳು.