ಒಂದು ಗಂಟೆಯ ಕಾರ್ಡು

ಮಗ ತೀರಿಕೊಂಡು ಹದಿನೇಳು ದಿನಗಳಾಗಿದ್ದವು. ಆದರೂ ಮಧ್ಯಾಹ್ನ ಒಂದಕ್ಕೆ ಹಾಜರಿ ಯಂತ್ರ ಟಕ್ಕೆಂದಾಗಲೆಲ್ಲ, ನೂಲಿನ ಮಿಲ್ಲಿನ ಗೇಟು ಕಾಯುವ ಬೋರಯ್ಯನಿಗೆ ಬೆನ್ನ ಹಿಂದೆ ಯಾರೋ ಬಂದು ನಿಂತಂತಾಗುತ್ತಿತ್ತು. ಮಲೆಯ ಮಾದೇಶ್ವರನ ಹೆಸರು ಹೇಳಿಕೊಳ್ಳುತ್ತಿದ್ದನೇ ಹೊರತು ತಿರುಗಿ ನೋಡುತ್ತಿರಲಿಲ್ಲ.

ಈ ದಿನ ಅವನು ಸೊಸೆ ಜವರಮ್ಮನ ಜೊತೆ ಮ್ಯಾನೇಜರರ ಮುಂದೆ ನಿಂತಿದ್ದ.

"ನೋಡಮ್ಮ, ಊಟದ ಅರ್ಧ ಗಂಟೆಗೆ ಸಂಬಳ ಇಲ್ಲ. ಆ ಹೊತ್ತು ಕೆಲಸಗಾರನದು. ಗೇಟಿಗೆ ಬಂದು ಹಾಜರಿ ಕಾರ್ಡು ಒತ್ತಿ ಊಟಕ್ಕೆ ಹೋಗಬೇಕು. ನಿನ್ನ ಗಂಡ ಒಂದಕ್ಕೆ ಸರಿಯಾಗಿ ಒತ್ತಿದ್ದಾನೆ. ನೂಲುವ ಯಂತ್ರಕ್ಕೆ ಸಿಕ್ಕಿದ್ದು ಆಮೇಲೆ, ಹತ್ತು ನಿಮಿಷ ಕಳೆದು. ಯಾರೂ ಕರೆಯದೆ ತಾನೇ ಹೋಗಿ ಕೈಯಿಟ್ಟ, ತಪ್ಪು ಅವನದೇ ಅಂತ ಬರೀಬೇಕಾಗುತ್ತೆ, ಪರಿಹಾರ ಸಿಗಲ್ಲ."

"ಹಂಗೆ ಬರೀಬೇಡಿ ಸ್ವಾಮಿ. ಮೇಸ್ತ್ರಿ ಏಳಾಕೆ ಬಿಡ್ನಿಲ್ಲ, ನಮ್ಮೋರು ಯಂತ್ರದ ಮುಂದಿಂದ ಎದ್ದೇ ಇಲ್ಲ. ಬುತ್ತಿ ಗಂಟು ಬಿಚ್ಚದಂಗೇ ಮನೆಗೆ ಬಂತು."

"ಹಾಗಾದ್ರೆ ಕಾರ್ಡು ಒತ್ತಿದ್ದು ದೆವ್ವವೇನಮ್ಮ?"

"ಯಾರೋ ಬೇಕೂಂತ ಒತ್ತವ್ರೆ. ಅವರ ಕೈ ಸೇದೋಗ. ಮಾವ, ಗೇಟಲ್ಲಿದ್ದೋರು ನೀವು. ನಿಮ್ಮ ಮಗ ಬಂದಿದ್ದು ಕಂಡ್ರಾ?"

ಬೋರಯ್ಯ ಬಲಗೈಯನ್ನು ಹೆಗಲ ಮೇಲಿನ ವಸ್ತ್ರದೊಳಗೆ ಮುಚ್ಚಿಕೊಂಡ.

"ಅವನು ಬರ್ನಿಲ್ಲ ಕಣವ್ವ. ಗೇಟಿನ ತನಕ ನಡೆಯೋದ್ರಲ್ಲೇ ಅವನ ಊಟದ ಹೊತ್ತು ಸವೆದೋಗ್ತದೆ ಅಂತ, ದಿನಾ ನಾನೇ ಒತ್ತುತಿದ್ದೆ."