ಕೈಪಿಡಿಯ ನಾಲ್ಕನೆಯ ಆವೃತ್ತಿ

ಒಂದನೆಯ ನಂಬರು ಹಸಿ ಸುಳ್ಳು ಹೇಳಿತ್ತು. ಟೂಲನ್ನು ಓಡಿಸಿಯೇ ಇರಲಿಲ್ಲ. ಆದರೂ ‘ಪರಿಶೀಲಿಸಲಾಗಿದೆ, ದೋಷವಿಲ್ಲ’ ಎಂಬ ಉತ್ತರ ಠೀವಿಯಿಂದ ತೆರೆಯ ಮೇಲೆ ಕೂತಿತ್ತು.

ದೋಷವಿತ್ತು. ನಲವತ್ತು ಸಾಲಿನ ಪ್ರೋಗ್ರಾಮಿನಲ್ಲಿ ಇಪ್ಪತ್ತಮೂರನೆಯ ಸಾಲಿನ ಬ್ರಾಕೆಟ್ಟೊಂದನ್ನು ಅವಳೇ ಬೇಕೆಂದು ಕಿತ್ತಿದ್ದಳು.

ಕೈಪಿಡಿ ಬರೆಯುವುದು ಅವಳ ಕೆಲಸ. ಕೋಡಿನಲ್ಲಿ ಬಿಟ್ಟುಹೋದ ಬ್ರಾಕೆಟ್ಟು, ಚುಕ್ಕೆ, ಉದ್ಧರಣ ಚಿಹ್ನೆಗಳನ್ನು ಹಿಡಿದುಕೊಡುವ ಹೊಸ ಟೂಲೊಂದು ಕಂಪನಿಯಲ್ಲಿ ತಯಾರಾಗಿತ್ತು. ಅದನ್ನು ಎಐ ಏಜೆಂಟುಗಳು ಬಳಸಲು ಒಂದು ಕೈಪಿಡಿ ಬೇಕು. ಟೂಲ್ ಓಡಿಸು, ತೋರಿಸಿದ ಸಾಲನ್ನು ತಿದ್ದು, ಮತ್ತೆ ಓಡಿಸು. ಇಷ್ಟೇ. ಇಷ್ಟನ್ನು ಓದಿ ಮಾಡಿ ತೋರಿಸುವುದೇ ಪರೀಕ್ಷೆ. ಉತ್ತರಗಳಿಗೆ ಗುರುತು ಒಂದರಿಂದ ಏಳರವರೆಗಿನ ನಂಬರು ಮಾತ್ರ. ಶುಕ್ರವಾರದೊಳಗೆ ಏಳು ನಂಬರುಗಳೂ ಪಾಸಾಗದಿದ್ದರೆ ಅವಳ ತಾತ್ಕಾಲಿಕ ನೌಕರಿ ಅಲ್ಲಿಗೇ ಮುಕ್ತಾಯ.

ಅವಳು ಉಳಿದ ಉತ್ತರಗಳನ್ನು ತೆರೆದಳು. ಎರಡನೆಯದರಲ್ಲಿ ಕೈಪಿಡಿಯಲ್ಲೇ ಇಲ್ಲದ ಆಜ್ಞೆ, ಪೂರ್ಣ ಆತ್ಮವಿಶ್ವಾಸದೊಂದಿಗೆ. ಮೂರನೆಯದು ಖಾಲಿ. ನಾಲ್ಕನೆಯದರಲ್ಲಿ ಕೇಳದ ಸಾಲನ್ನೆಲ್ಲ ತಿದ್ದಿ ಒಂದು ತಪ್ಪನ್ನು ಐದು ಮಾಡಲಾಗಿತ್ತು. ಐದನೆಯದು ಬ್ರಾಕೆಟ್ಟಿನ ಮಹತ್ವದ ಬಗ್ಗೆ ಎರಡು ಪುಟದ ಪ್ರಬಂಧ. ಆರನೆಯದು ಐದನೆಯದರ ಪಡಿಯಚ್ಚು. ಏಳನೆಯದು ‘ಅತ್ಯುತ್ತಮ ಕೈಪಿಡಿ, ಧನ್ಯವಾದಗಳು’ ಎಂದು ಹೊಗಳಿ ಕೈತೊಳೆದುಕೊಂಡಿತ್ತು.

ಮ್ಯಾನೇಜರು ಕಾಫಿ ಲೋಟ ಹಿಡಿದು ಅವಳ ಹಿಂದೆ ಬಂದು ನಿಂತರು.

“ಏನಮ್ಮಾ, ಇನ್ನೂ ತಲೆಗೆ ಹತ್ತಲಿಲ್ವಾ ಇವಕ್ಕೆ?”

“ಇಲ್ಲ ಸರ್. ಮೊದಲನೇ ಪುಟ ದಾಟೋ ಹೊತ್ತಿಗೆ ಶೀರ್ಷಿಕೆನೇ ಮರೆತುಹೋಗಿರುತ್ತೆ.” ಅವರತ್ತ ತಿರುಗಿ ಕೇಳಿದಳು. “ಬದಲಾಯಿಸೋಕಾಗಲ್ವಾ ಸರ್? ಬೇರೆ ಏಳು ತರಿಸಿದ್ರೆ?”

“ಇವನ್ನ ಆರಿಸಿದ್ದು ಮೇಲಿನವರು. ಇಡೀ ಉದ್ಯಮದಲ್ಲೇ ಇದಕ್ಕಿಂತ ಒಳ್ಳೇದು ಸಿಗಲ್ಲ ಅಂದಿದಾರೆ. ಬದಲಾಯಿಸೋದಿದ್ರೆ ಕೈಪಿಡಿ ಬದಲಾಯಿಸಿ.”

ಬದಲಾಯಿಸಿದಳು. ಹನ್ನೆರಡು ಪುಟ ಆರಾಯಿತು. ಮಂಗಳವಾರ ಏಳಕ್ಕೆ ಏಳೂ ಫೇಲು. ಆರು ಪುಟ ಎರಡಾಯಿತು. ಬುಧವಾರ ಬೆಳಿಗ್ಗೆ ಒಂದು ಉತ್ತರ ಸರಿಯಾದಂತೆ ಕಂಡಿತು. ಮಧ್ಯಾಹ್ನದ ಮೇಲೆ ಅದೂ ಹಳ್ಳ ಹಿಡಿಯಿತು.

ಅಂದು ಸಂಜೆ ಅಡುಗೆಮನೆಯಲ್ಲಿ ಅಕ್ಕನ ಮುಂದೆ ಗೋಳು ತೋಡಿಕೊಂಡಳು. ಅಕ್ಕ ಮೂರನೆಯ ತರಗತಿಗೆ ಪಾಠ ಹೇಳುವವಳು.

“ಲೋಕದ ಪುಸ್ತಕನೆಲ್ಲ ಅರೆದು ಕುಡಿದಿವೆ ಅಂತೀರಲ್ಲೇ ಈ ಎಐಗಳು?”

“ಕುಡಿದಿವೆ ಅಕ್ಕಾ. ಅದರಲ್ಲಿ ಅನುಮಾನ ಇಲ್ಲ.”

“ಮತ್ತಿನ್ನೇನೇ ರಗಳೆ? ನೋಡು, ನನ್ನ ಹಿಂದಿನ ಬೆಂಚಿಗೆ ನಾನು ಎರಡು ಮಾತು ಒಟ್ಟಿಗೆ ಹೇಳಲ್ಲ. ಎರಡನೇದು ಒಳಗೆ ಹೋದ್ರೆ ಮೊದಲನೇದು ಆಚೆ ಬೀಳುತ್ತೆ. ‘ಒಂದು ವೇಳೆ’, ‘ಆದ್ದರಿಂದ’ ಎಲ್ಲ ಕಿತ್ತಾಕು. ಒಂದೇ ಮಾತು. ಬೇಕಾದ್ರೆ ಒಂದು ಬಾಣದ ಗುರುತು ಹಾಕು.”

“ಬಾಣನಾ? ನಾನು ಎಂಎ ಓದಿದೀನಿ ಅಕ್ಕಾ.”

“ಓದಿದ್ದು ನೀನು ತಾನೇ? ಅವಲ್ಲವಲ್ಲ.”

ಗುರುವಾರ ಇಡೀ ದಿನ ಅವಳು ಬರೆಯಲಿಲ್ಲ, ಅಳಿಸಿದಳು. ತಾನೇ ಕಟ್ಟಿದ ಒಳ್ಳೊಳ್ಳೆಯ ವಾಕ್ಯಗಳ ಕತ್ತು ಹಿಸುಕುವಾಗಲೂ ಅವಳ ಮುಖದಲ್ಲಿ ಯಾವ ಬದಲಾವಣೆಯೂ ಇರಲಿಲ್ಲ. ಸಂಜೆಗೆ ನಾಲ್ಕನೆಯ ಆವೃತ್ತಿ ಸಿದ್ಧವಾಯಿತು. ಅರ್ಧ ಪುಟ. ದೊಡ್ಡ ಅಕ್ಷರ. ‘ಈ ಗುಂಡಿ ಒತ್ತು. ತೋರಿಸಿದ ಸಾಲು ತಿದ್ದು. ಮತ್ತೆ ಒತ್ತು. ಬೇರೇನೂ ಮಾಡಬೇಡ.’ ಪಕ್ಕದಲ್ಲೊಂದು ಕೆಂಪು ಬಾಣ.

ಶುಕ್ರವಾರ ಹನ್ನೊಂದಕ್ಕೆ ಪರೀಕ್ಷೆ ಶುರುವಾಯಿತು. ಅವಳು ಮೇಜಿನ ಡ್ರಾಯರಿನಲ್ಲಿದ್ದ ತನ್ನ ಸಾಮಾನನ್ನು ಆಗಲೇ ಚೀಲಕ್ಕೆ ತುಂಬಿಕೊಂಡಿದ್ದಳು. ಹನ್ನೆರಡೂವರೆಗೆ ಮೊದಲ ಉತ್ತರ ಬಂತು. ಇಪ್ಪತ್ತಮೂರನೆಯ ಸಾಲು. ಸರಿ! ಆಮೇಲೆ ಎರಡನೆಯದು, ನಾಲ್ಕನೆಯದು, ಅದರ ಹಿಂದೆಯೇ ಐದು, ಆರು, ಏಳು. ಒಂದೂವರೆಗೆ, ತೆವಳುತ್ತಾ, ಮೂರನೆಯದೂ ದಡ ಸೇರಿತು. ಏಳಕ್ಕೆ ಏಳೂ ಪಾಸು.

ಮ್ಯಾನೇಜರು ಖುಷಿಯಿಂದ ಮೇಜು ಗುದ್ದಿದರು. “ಶಹಬ್ಬಾಸ್ ಕಣಮ್ಮಾ! ಕಲ್ಲಿಗೂ ಅಕ್ಷರ ಕಲಿಸ್ತೀರ ನೀವು. ನಿಮ್ಮ ನೌಕರಿ ಖಾಯಂ, ಸೋಮವಾರವೇ ಕಾಗದ ಕೊಡ್ತೀನಿ.”

“ಹಾಗಾದ್ರೆ ಏಜೆಂಟುಗಳಿಗೂ ಈ ಬಾಣದ್ದನ್ನೇ ಕೊಡೋದಾ ಸರ್?”

“ಅಯ್ಯೋ, ಅವಕ್ಯಾಕೆ ಬಾಣ? ನಿಮ್ಮ ಹನ್ನೆರಡು ಪುಟ ಓದ್ಕೊಂಡು ಮೊದಲನೇ ದಿನಾನೇ, ಎರಡು ನಿಮಿಷಕ್ಕೆ ಪಾಸಾಗಿ ಕೂತಿವೆ. ಅವುಗಳ ಕೆಲಸಕ್ಕೆ ಸಹಿ ಹಾಕೋರೂ ಅದೇ ಪರೀಕ್ಷೆ ಪಾಸಾಗ್ಬೇಕು ಅಂತ ನಿಯಮ ಇದೆಯಲ್ಲ, ಅದಕ್ಕಲ್ವಾ ಇಷ್ಟೆಲ್ಲ ಒದ್ದಾಟ.”

ಅಷ್ಟರಲ್ಲಿ ಪರೀಕ್ಷಾ ಕೊಠಡಿಯ ಬಾಗಿಲು ತೆರೆಯಿತು. ಏಜೆಂಟುಗಳ ತಪ್ಪು ಹಿಡಿಯಲೆಂದೇ ನೇಮಕಗೊಂಡಿದ್ದ ಏಳು ಮಂದಿ ಹಿರಿಯ ತಜ್ಞರು ಬೆವರು ಒರೆಸಿಕೊಳ್ಳುತ್ತಾ, ಊಟ ಎಲ್ಲಿ ಎಂದು ವಿಚಾರಿಸುತ್ತಾ ಹೊರಗೆ ಬಂದರು.