ಒಂದು ಚುಕ್ಕಿಯ ದೂರು

“ಐದಕ್ಕೆ ಎರಡು, ಮೇಡಂ! ವಿದ್ಯಾರ್ಥಿಗಳು ನಿಮಗೆ ಕೊಟ್ಟಿರೋ ಅಂಕ,” ಎಂದು ನರ್ಸಿಂಗ್ ಕಾಲೇಜಿನ ಪ್ರಿನ್ಸಿಪಾಲರು ಫೀಡ್‌ಬ್ಯಾಕ್ ಹಾಳೆಗಳನ್ನು ಮೇಜಿನ ಮೇಲೆ ಕುಕ್ಕಿದರು. ಒಂದನ್ನು ಎತ್ತಿ ಓದಿದರು: “‘ಔಷಧಿ ಲೆಕ್ಕದಲ್ಲಿ ಒಂದು ಚುಕ್ಕಿ ಬಿಟ್ಟಿದ್ದಕ್ಕೆ ಎಲ್ಲರೆದುರು ಮಾನ ಹರಾಜು ಹಾಕಿದರು.’ ಒಂದು ಚುಕ್ಕಿಗೆ ಇಷ್ಟು ರಂಪಾಟ ಬೇಕಿತ್ತಾ?”

ಹದಿನೆಂಟು ವರ್ಷ ಅದೇ ಲೆಕ್ಕ ಕಲಿಸಿದ್ದ ಮೇಡಂಗೆ ಮೈಯೆಲ್ಲ ಉರಿದುಹೋಯಿತು. “ಆ ಚುಕ್ಕಿ ಬಿಟ್ರೆ ಡೋಸ್ ಹತ್ತು ಪಟ್ಟಾಗುತ್ತೆ ಸಾರ್. ಹಾಗೆ ಬಿಟ್ಟವರು ಹನ್ನೊಂದು ಜನ, ನಾನು ಬೈದಿದ್ದು ಅಷ್ಟೂ ಜನಕ್ಕೆ. ನಾಳೆಯಿಂದ ಅವರಿಗೆಲ್ಲ ವಾರ್ಡ್ ಡ್ಯೂಟಿ. ನಿಮ್ಮ ತಾಯಿ ಮಲಗಿರೋ ವಾರ್ಡಲ್ಲೇ.”

ಪ್ರಿನ್ಸಿಪಾಲರು ಕೈಲಿದ್ದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಯಾರ್ರೀ ಇದನ್ನ ಬರೆದಿದ್ದು?”

“ಹೆಸರು ಬರೆಸಬಾರದು ಅಂತ ರೂಲ್ಸ್ ಮಾಡಿದ್ದು ನೀವೇ ಅಲ್ವಾ ಸಾರ್?”